ಗುಳಿಗೆ ಬೇಡ, ಟಾರ್ಚ್ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಮುಲುಂಡಿನಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ. ಹಿಂದೆ ಬಡಬಡ ಅಂತ ಸದ್ದು ಕೇಳಿಸಿದರೆ ಅದು ಕಿಟಕಿಯ ಮೇಲಿನ ತಗಡು, ನಿಮ್ಮ ಫೋನ್ ಕೆಟ್ಟಿಲ್ಲ. ಮಲ್ಲಿಗೆ ಗಿಡ ಸವರುವುದನ್ನು ಈ ವಾರ ತೋರಿಸುತ್ತೇನೆ ಅಂದಿದ್ದೆ. ಅದನ್ನು ಮುಂದಿನ ವಾರ ನೋಡೋಣ. ಇವತ್ತು ಒಂದು ಕಮೆಂಟಿಗೆ ಉತ್ತರ ಕೊಡದೆ ನನಗೆ ಸಮಾಧಾನವಿಲ್ಲ.

ಬಸಳೆಯ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ. "ಸಿಂಬಳದ ಹುಳಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಬೀಜದ ಅಂಗಡಿಯಲ್ಲಿ ಗುಳಿಗೆ ಸಿಗುತ್ತದೆ. ಗಿಡದ ಬುಡಕ್ಕೆ ಚೆಲ್ಲಿ ಮಲಗಿ. ಬೆಳಿಗ್ಗೆ ನೋಡಿದರೆ ಎಲ್ಲ ಸತ್ತಿರುತ್ತವೆ." ಅದರ ಕೆಳಗೆ ಥ್ಯಾಂಕ್ಸ್ ಹೇಳಿದವರ ಸಾಲೇ ಇದೆ. ಎಲ್ಲ ನಮ್ಮವರೇ. ಡೊಂಬಿವಲಿ, ಘಾಟ್ಕೋಪರ್, ಥಾಣೆ ಕಡೆಯವರು. ಜಾಗ ಇಲ್ಲದ ಕಡೆ ಕುಂಡ ಇಟ್ಟು ಹರಿವೆ, ಬಸಳೆ, ಕೆಸು ಬೆಳೆಸುವವರು. ಅದಕ್ಕೇ ನನಗೆ ಇನ್ನೂ ಜಾಸ್ತಿ ಬೇಜಾರಾಯಿತು.

ನಾನು ಹೇಳುವುದು ಒಂದೇ ಮಾತು. ಗುಳಿಗೆ ಹಾಕಬೇಡಿ. ರಾತ್ರಿ ಟಾರ್ಚ್ ಹಿಡಿದು ಗಿಡದ ಹತ್ತಿರ ಹೋಗಿ, ಹುಳ ಹೆಕ್ಕಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಳೆ ಸಾರಿಗೆ ಕೊಯ್ಯೋಣ ಎಂದು ಬಿಟ್ಟ ಬಸಳೆಯ ಚಿಗುರು ಬೆಳಿಗ್ಗೆ ತೂತು ತೂತಾಗಿರುತ್ತದೆ. ಗೋಡೆಯ ಮೇಲೆ ಅಂಟು ಗೆರೆ. ನಮ್ಮ ಮುಂಬೈಯಲ್ಲಿ ಜಾಸ್ತಿ ಕಾಣುವುದು ಕಪ್ಪಗೆ ಚಪ್ಪಟೆಯಾಗಿ, ಬೆನ್ನಿನ ಮಧ್ಯೆ ತಿಳಿ ಬಣ್ಣದ ಗೆರೆ ಇರುವ ಹುಳ. ಅದು ಮೂಲದಲ್ಲಿ ಆಫ್ರಿಕಾದ್ದು. ನಮ್ಮ ವಾಚ್‌ಮನ್ ಅದಕ್ಕೂ ಗೋಗಲಗಾಯ್ ಅನ್ನುತ್ತಾನೆ, ಚಿಪ್ಪಿರುವ ಶಂಖದ ಹುಳಕ್ಕೂ ಗೋಗಲಗಾಯ್ ಅನ್ನುತ್ತಾನೆ. ಎಲೆ ಹೋದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಹೊಟ್ಟೆ ಉರಿದಾಗ ಕೈಗೆ ಸಿಕ್ಕಿದ ವಿಷ ಚೆಲ್ಲುವುದಲ್ಲ.

ಆ ಗುಳಿಗೆಯಲ್ಲಿ ಏನಿದೆ? ಪ್ಯಾಕೆಟ್ ತಿರುಗಿಸಿ ಓದಿ. ಸಾಮಾನ್ಯವಾಗಿ ಮೆಟಾಲ್ಡಿಹೈಡ್ ಎಂಬ ವಿಷದ ಹೆಸರು ಬರೆದಿರುತ್ತದೆ. ಹುಳ ಬಂದು ತಿನ್ನಲಿ ಎಂದು ಅದನ್ನು ತೌಡು, ಹಿಟ್ಟು ಇಂಥವುಗಳ ಜೊತೆ ಕಲಸಿರುತ್ತಾರೆ. ತೌಡಿನ ವಾಸನೆ ಹುಳಕ್ಕೆ ಮಾತ್ರ ಬರುತ್ತದೆಯೇ? ಸೊಸೈಟಿಯ ನಾಯಿಗೂ ಬರುತ್ತದೆ. ತಿಂದ ನಾಯಿಗೆ ಒಂದೆರಡು ಗಂಟೆಯೊಳಗೆ ನಡುಕ ಶುರುವಾಗಬಹುದು. ಆಮೇಲೆ ಫಿಟ್ಸ್, ಮೈ ಸುಡುವಷ್ಟು ಜ್ವರ. ಈ ವಿಷಕ್ಕೆಂದೇ ಪ್ರತಿವಿಷ ಇಲ್ಲ. ಬೇಗ ಡಾಕ್ಟರ ಹತ್ತಿರ ಹೋದರೆ ಉಳಿಸಬಹುದು. ಸಂಜೆಯ ಟ್ರಾಫಿಕ್‌ನಲ್ಲಿ ಮುಲುಂಡಿನಿಂದ ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು, ನೀವೇ ಯೋಚಿಸಿ. ಅಕಸ್ಮಾತ್ ಯಾವುದಾದರೂ ನಾಯಿ, ಬೆಕ್ಕು ತಿಂದದ್ದು ಕಂಡರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಪ್ಯಾಕೆಟ್ ಸಮೇತ ತಕ್ಷಣ ಹೊರಡಿ.

ಬ್ರಿಟನ್ನಿನಲ್ಲಿ 2022ರ ಮಾರ್ಚ್ ಕೊನೆಯಿಂದ ಇದನ್ನು ಹೊರಗಿನ ತೋಟ, ಹೊಲಗಳಲ್ಲಿ ಹಾಕುವಂತೆಯೇ ಇಲ್ಲ. ಹಕ್ಕಿಗಳಿಗೆ, ಸಣ್ಣ ಪ್ರಾಣಿಗಳಿಗೆ ಅಪಾಯ ಎಂದೇ ನಿಷೇಧಿಸಿದರು. ಅದು ವರ್ಷವಿಡೀ ತೇವ ಇರುವ ದೇಶ, ಸಿಂಬಳದ ಹುಳದ ತವರು. ಅವರೇ ಬೇಡ ಎಂದರು. ನಮಗೆ ಬೇಕಾ?

ಇನ್ನೊಂದು ವಿಷಯ ಕೇಳಿ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಈ ವಿಷ ಹುಳದ ಅಂಟನ್ನೆಲ್ಲ ಹೊರಗೆ ಹರಿಸಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಸುತ್ತ ನೀರು ಇದ್ದರೆ ಎಷ್ಟೋ ಹುಳ ಮತ್ತೆ ನೀರು ಹೀರಿಕೊಂಡು ಸುಧಾರಿಸಿಕೊಳ್ಳುತ್ತವೆ. ಮುಂಬೈ ಮಳೆಗಾಲದಲ್ಲಿ ಸುರಿಯುವುದು 2,000 ಮಿಲಿಮೀಟರಿಗೂ ಜಾಸ್ತಿ. ಹುಳ ಜಾಸ್ತಿ ಇರುವುದೂ ಅದೇ ತಿಂಗಳುಗಳಲ್ಲಿ. ಅಂದರೆ ಹುಳ ತುಂಬಿರುವ ದಿನವೇ ಗುಳಿಗೆಯ ಕೈ ಸೋಲುತ್ತದೆ. ಮಳೆಗೆ ಗುಳಿಗೆ ಕರಗಿ ಹೋಗುತ್ತದೆ, ನೀವು ಮತ್ತೆ ಚೆಲ್ಲುತ್ತೀರಿ, ಮತ್ತೆ ಕರಗುತ್ತದೆ. ದುಡ್ಡು ಚರಂಡಿಗೆ, ವಿಷವೂ ಚರಂಡಿಗೆ. ಹಾಗಾಗಿ ಹೇಳುತ್ತೇನೆ, ಟಾರ್ಚ್ ಹಿಡಿಯಿರಿ.

ಈಗ ನನಗೆ ನಿಜವಾಗಿ ಸಂಕಟ ಕೊಡುವ ಮಾತಿಗೆ ಬರುತ್ತೇನೆ. ನಮ್ಮ ಕಾಂಪೌಂಡಿಗೆ ಒಂದು ಕೆಂಬೂತ ಬರುತ್ತದೆ. ಊರ ಕಡೆಯವರು ಕುಪ್ಪುಳು ಅನ್ನುತ್ತೀರಲ್ವಾ, ಅದೇ. ಕೆಂಪು ಕಣ್ಣು, ಕಂದು ರೆಕ್ಕೆ, ನೆಲದ ಮೇಲೆ ನಡೆದುಕೊಂಡೇ ಬೇಟೆ. ಆಫ್ರಿಕಾದಿಂದ ಬಂದ ದೊಡ್ಡ ಶಂಖದ ಹುಳವನ್ನು ಕೂಡ ಒಡೆದು ತಿನ್ನುವ ಹಕ್ಕಿ ಅದು. ಇಲ್ಲಿಯ ಮರಾಠಿ ಮನೆಗಳಲ್ಲಿ ಅದಕ್ಕೆ ಭಾರದ್ವಾಜ ಎಂಬ ಹೆಸರು. ಬೆಳಿಗ್ಗೆ ಅದು ಕಣ್ಣಿಗೆ ಬಿದ್ದರೆ ಶುಭ ಎಂದು ಮಕ್ಕಳನ್ನು ಕರೆದು ತೋರಿಸುತ್ತಾರೆ. ಮಕ್ಕಳಿಗೆ ತೋರಿಸುವ ಹಕ್ಕಿ ನಡೆದಾಡುವ ನೆಲಕ್ಕೇ ವಿಷ ಚೆಲ್ಲುವುದು ಯಾವ ನ್ಯಾಯ? ಗುಳಿಗೆ ತಿಂದು ಅಂಗಳದ ಮಧ್ಯೆ ಒದ್ದಾಡುವ ಹುಳ ಅದಕ್ಕೆ ಸುಲಭದ ಊಟ. ನಾವೇ ಬಡಿಸಿದ ಹಾಗಾಯಿತು.

ಕೆಂಬೂತ ಒಂದೇ ಅಲ್ಲ. ಕುಂಡದ ಹಿಂದೆ ಕೂರುವ ನೆಲಗಪ್ಪೆ ಇದೆ. ಎಲ್ಲರೂ ಇಲಿ ಎಂದು ಅಟ್ಟಿಸಿಕೊಂಡು ಹೋಗುವ ಸುಂಡಿಲಿ ಇದೆ, ಅದು ರಾತ್ರಿಯಿಡೀ ಹುಳ ಹುಪ್ಪಟೆ ಹುಡುಕಿ ತಿನ್ನುತ್ತದೆ. ಮತ್ತೆ ಮಿಂಚುಹುಳ. ಇದು ಎಷ್ಟು ಜನಕ್ಕೆ ಗೊತ್ತು? ಮಿಂಚುಹುಳದ ಮರಿಗಳು ನೆಲದ ಮೇಲೆ ಇರುತ್ತವೆ, ಅವುಗಳ ಮುಖ್ಯ ಆಹಾರವೇ ಶಂಖದ ಹುಳ, ಸಿಂಬಳದ ಹುಳ. ಮೇ ಕೊನೆ, ಜೂನ್ ಮೊದಲಿಗೆ ಮುಂಬೈಯವರು ಗಾಡಿ ಮಾಡಿಕೊಂಡು ಭಂಡಾರದರಾಕ್ಕೆ, ಪುರುಷವಾಡಿಗೆ ಕಾಜವಾ ನೋಡಲು ಹೋಗುತ್ತಾರೆ. ಕಾಜವಾ ಅಂದರೆ ಇದೇ ಮಿಂಚುಹುಳ. ರಾತ್ರಿಯೆಲ್ಲ ಕಾದು ಫೋಟೋ ತೆಗೆದುಕೊಂಡು ಬರುತ್ತೀರಿ. ಮನೆಗೆ ಬಂದು ಅದರ ಊಟಕ್ಕೆ ವಿಷ ಹಾಕುತ್ತೀರಿ. ಈ ಲೆಕ್ಕ ನನಗಂತೂ ತಲೆಗೆ ಹೋಗುವುದಿಲ್ಲ.

ಪುಕ್ಕಟೆ ಕೆಲಸ ಮಾಡುವ ಇಷ್ಟೊಂದು ಜೀವ ಇದೆ. ಅವು ಮಾಡದೆ ಉಳಿಸಿದ್ದನ್ನು ನೀವು ಮಾಡಿ. ಟಾರ್ಚ್ ಹಿಡಿದು.

ಹೇಗೆ ಎಂದು ಸರಿಯಾಗಿ ಹೇಳುತ್ತೇನೆ, ಇಲ್ಲಿ ಮಾತ್ರ ವಿಡಿಯೋ ಮುಂದಕ್ಕೆ ಓಡಿಸಬೇಡಿ, ಪೂರ್ತಿ ಕೇಳಿ. ಕತ್ತಲಾಗಿ ಒಂದೆರಡು ಗಂಟೆ ಕಳೆಯಲಿ. ಮಳೆ ಬಂದು ನಿಂತ ರಾತ್ರಿ ಎಲ್ಲಕ್ಕಿಂತ ಒಳ್ಳೆಯದು. ಕೈಗೆ ಗ್ಲೌಸ್ ಹಾಕಿ, ಇಲ್ಲವೇ ಹಳೆಯ ಚಿಮಟ ತಗೊಳ್ಳಿ. ಬರಿಗೈಯಲ್ಲಿ ಮುಟ್ಟಲೇಬೇಡಿ. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತು ಇದೆ, ಅದರ ಮರಿಗಳು ಈ ಹುಳಗಳ ಮೈಯಲ್ಲಿ ಇರಬಹುದು. ಬಾಯಿಗೆ ಹೋದರೆ ಮನುಷ್ಯರಿಗೆ ಮೆದುಳಿನ ಪೊರೆಯ ಉರಿಯೂತ ಬರಬಹುದು. ಮುಂಬೈಯಲ್ಲಿ ಇಲಿಗೇನೂ ಬರ ಇಲ್ಲ. ಆದ್ದರಿಂದ ಕೈ ಸೋಪಿನಲ್ಲಿ ತೊಳೆಯಿರಿ, ಮಳೆಗಾಲದಲ್ಲಿ ಹಸಿ ಸೊಪ್ಪನ್ನು ಒಂದೊಂದೇ ಎಲೆ ತೊಳೆದು ತಿನ್ನಿ, ಬೇಯಿಸಿದರೆ ಇನ್ನೂ ಒಳ್ಳೆಯದು. ಪುಟ್ಟ ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಟಾರ್ಚನ್ನು ಎಲೆಯ ಅಡಿಗೆ ಬಿಡಿ. ಕುಂಡದ ಅಂಚು, ಕುಂಡದ ಕೆಳಗಿನ ತಟ್ಟೆ, ಗೋಡೆ ಮತ್ತು ಕುಂಡದ ಸಂದಿ ನೋಡಿ. ಅಲ್ಲೇ ಸಿಗುತ್ತವೆ. ಹೆಕ್ಕಿದ್ದನ್ನು ಉಪ್ಪು ನೀರಿನ ಬಕೆಟ್ಟಿಗೋ ಸೋಪಿನ ನೀರಿಗೋ ಹಾಕಿ. ಪಕ್ಕದ ಬಿಲ್ಡಿಂಗ್ ಕಡೆ ಎಸೆಯಬೇಡಿ. ಕುಂಡ ಎತ್ತುವಾಗ ಮಣ್ಣಿನಲ್ಲಿ ಸಾಬುದಾನಿಯ ಹಾಗೆ ಪಾರದರ್ಶಕ ಮೊಟ್ಟೆಗಳು ಕಂಡರೆ ಅವನ್ನೂ ತೆಗೆಯಿರಿ. ನರ್ಸರಿಯಿಂದ ತಂದ ಕುಂಡವನ್ನು ನೇರ ಗಿಡಗಳ ಮಧ್ಯೆ ಇಡಬೇಡಿ, ಮೊದಲು ಅಡಿ ನೋಡಿ. ಎಷ್ಟೋ ಮನೆಗೆ ಹುಳ ಬರುವುದೇ ಹಾಗೆ.

ರಾತ್ರಿ ಹೋಗಲಾಗದ ದಿನ ಗೋಣಿಚೀಲ ಒದ್ದೆ ಮಾಡಿ ಗಿಡದ ಪಕ್ಕ ಹಾಸಿ. ಬೆಲ್ಲದ ನೀರಲ್ಲಿ ಅದ್ದಿದರೆ ಇನ್ನೂ ಚೆನ್ನ. ಪಪ್ಪಾಯ ಎಲೆ, ಎಲೆಕೋಸಿನ ಹೊರ ಎಲೆ, ಬೋರಲು ಹಾಕಿದ ತೆಂಗಿನ ಕರಟ, ಯಾವುದಾದರೂ ಆದೀತು. ಬೆಳಗಾದರೆ ಹುಳಕ್ಕೆ ತಂಪು ನೆರಳು ಬೇಕು, ಅದರ ಅಡಿ ಸೇರುತ್ತದೆ. ಚಹಾಕ್ಕೆ ಮೊದಲು ಎತ್ತಿ ನೋಡಿ, ಹೆಕ್ಕಿ. ಮಳೆ ಇಲ್ಲದ ದಿನ ನೀರನ್ನು ಬೆಳಿಗ್ಗೆಯೇ ಹಾಕಿ. ಸಂಜೆ ನೀರು ಹಾಕಿದರೆ ರಾತ್ರಿಯಿಡೀ ನೆಲ ಒದ್ದೆ, ಹುಳಕ್ಕೆ ದಾರಿ ಹಾಸಿಕೊಟ್ಟ ಹಾಗೆ.

ಈಗ ಎಂದಿನಂತೆ ಬರುವ ಮಾತುಗಳು. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಸುತ್ತ ಹಾಕಿ ಅನ್ನುವವರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಎಂಬ ತೋಟಗಾರಿಕೆ ಸಂಘದವರು 2018ರಲ್ಲಿ ಲೆಟ್ಯೂಸ್ ಗಿಡಗಳ ಸುತ್ತ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ತರಿ ಮರಳು ಎಲ್ಲ ಹಾಕಿ ನೋಡಿದರು. ಏನೂ ಹಾಕದ ಗಿಡಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಸಿಪ್ಪೆಯನ್ನು ಗೊಬ್ಬರಕ್ಕೆ ಹಾಕಿ, ಸುಮ್ನೆ ಕೋಟೆ ಕಟ್ಟಬೇಡಿ. ಉಪ್ಪು ಎರಚಿ ಅನ್ನುವವರಿಗೆ ಇಷ್ಟೇ, ಉಪ್ಪು ಬಕೆಟ್ಟಿನಲ್ಲಿ ಇರಲಿ. ಮಣ್ಣಿಗೆ ಬಿದ್ದರೆ ಬಸಳೆಯ ಬೇರನ್ನೇ ಸುಡುತ್ತದೆ. ಹುಳ ಬದುಕಿ ಗಿಡ ಸಾಯುವ ಔಷಧಿ ಅದು.

ರೈತರೇ ವಿಷ ಹಾಕುತ್ತಾರಲ್ಲ ಎಂದು ಒಬ್ಬರು ವಾದ ಮಾಡಿದ್ದಾರೆ. ರೈತರ ಮಾತು ತರಬೇಡಿ, ಸ್ವಾಮಿ. 2022ರ ಮಳೆಗಾಲದಲ್ಲಿ ಲಾತೂರ್, ಬೀಡ್ ಕಡೆ ಶಂಖದ ಹುಳ ಸೋಯಾಬೀನಿನ ಮೊಳಕೆಯನ್ನು ಹೊಲ ಹೊಲವೇ ತಿಂದು ಹಾಕಿತು. ವರ್ಷದ ಅನ್ನ ಹೋಗುತ್ತಿರುವ ಮನುಷ್ಯ ವಿಷ ಹಿಡಿದರೆ ಅವನನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅಲ್ಲಿ ಕೂಡ ಹುಳ ಹೆಕ್ಕಿ ಉಪ್ಪು ನೀರಿಗೆ ಹಾಕಿ, ಬೆಲ್ಲದ ನೀರಿನ ಗೋಣಿ ಹಾಸಿ ಎಂದು ಹೇಳಿಕೊಟ್ಟರು. ಎಕರೆಗಟ್ಟಲೆ ಹೊಲದಲ್ಲಿ ಜನ ಬಗ್ಗಿ ಹೆಕ್ಕಿದರು. ನಿಮಗೆ ಇರುವುದು ಬಾಲ್ಕನಿ. ಆ ಬಾಲ್ಕನಿಯಲ್ಲಿ ಟಾರ್ಚ್ ಹಿಡಿಯಲು ಆಗುವುದಿಲ್ಲವೇ?

ಟೈಮ್ ಇಲ್ಲ ಅನ್ನಬೇಡಿ. ಈ ವಿಡಿಯೋ ನೋಡಲು ಟೈಮ್ ಇತ್ತಲ್ವಾ? ಊಟ ಆದಮೇಲೆ ಫೋನ್ ಹಿಡಿದು ಕೂರುತ್ತೀರಿ, ಅದೇ ಫೋನಿನಲ್ಲಿ ಟಾರ್ಚ್ ಇದೆ. ಅಸಹ್ಯ ಆಗುತ್ತದೆ ಅನ್ನಬೇಡಿ. ಮಾರುಕಟ್ಟೆಯಲ್ಲಿ ಬಂಗಡೆ, ಸಿಗಡಿ ಬಿಡಿಸಿ ತರುವ ನಮ್ಮವರಿಗೆ ಇದು ಅಸಹ್ಯವೇ? ಹುಳವನ್ನೂ ಕೊಲ್ಲಬಾರದು, ಅದೂ ಜೀವ ಅನ್ನುವವರ ಮಾತಿಗೆ ನಾನು ತಲೆ ಬಾಗುತ್ತೇನೆ. ಅದಕ್ಕೇ ಕೊಳೆತ ಎಲೆ, ಗೊಬ್ಬರದ ಡಬ್ಬಿಯ ಹತ್ತಿರ ಇರುವ ಹುಳವನ್ನು ನಾನು ಮುಟ್ಟುವುದಿಲ್ಲ. ಅದು ಕೊಳೆತದ್ದನ್ನು ತಿಂದು ಮಣ್ಣು ಮಾಡುತ್ತದೆ. ಬಸಳೆಯ ಮೇಲೆ ಹತ್ತಿದ್ದನ್ನು ಮಾತ್ರ ಹೆಕ್ಕುತ್ತೇನೆ. ಹೆಕ್ಕುವ ಕೈಗೆ ಯಾವುದನ್ನು ಬಿಡಬೇಕು ಎಂದು ಗೊತ್ತಿರುತ್ತದೆ. ಗುಳಿಗೆಗೆ ಗೊತ್ತಿರುವುದಿಲ್ಲ.

ಇನ್ನೇನು ಹೇಳಲಿ. ಗುಳಿಗೆ ಹಾಕಬೇಡಿ ಅಂದರೆ ಹಾಕಬೇಡಿ. ಮನೆಯಲ್ಲಿ ಪ್ಯಾಕೆಟ್ ಇದ್ದರೆ ಮಕ್ಕಳು, ಬೆಕ್ಕು, ನಾಯಿ ತಲುಪದ ಕಡೆ ಎತ್ತಿಡಿ, ಇನ್ನೊಂದು ತರಬೇಡಿ. ಸೊಸೈಟಿಯ ಮಾಲಿ ಹಾಕುತ್ತಾನೆ ಎಂದರೆ ಕಮಿಟಿಯ ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡಿ. ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೀರಲ್ವಾ, ಇದಕ್ಕೂ ಐದು ನಿಮಿಷ ಕೊಡಿ. ಆ ಕಮೆಂಟ್ ಬರೆದವರೇ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಆ ಕಮೆಂಟ್ ತೆಗೆದುಬಿಡಿ, ಅದನ್ನು ಓದಿ ಇನ್ನೂ ಹತ್ತು ಮನೆಯವರು ಅಂಗಡಿಗೆ ಹೋಗುತ್ತಾರೆ.

ಸಬ್‌ಸ್ಕ್ರೈಬ್ ಮಾಡದವರು ಮಾಡಿಕೊಳ್ಳಿ, ಮುಂದಿನ ವಾರ ಮಲ್ಲಿಗೆ ಖಂಡಿತ. ಕೆಸುವಿನ ಎಲೆಯ ಹಳೆಯ ವಿಡಿಯೋ ನೋಡದವರು ಅದನ್ನೂ ನೋಡಿ, ಪತ್ರೊಡೆಗೆ ಯಾವ ಎಲೆ ಎಂದು ಅದರಲ್ಲಿ ತೋರಿಸಿದ್ದೇನೆ. ಮತ್ತೆ ಬಸಳೆ ಕಡ್ಡಿ ಕೇಳಿದವರಿಗೆ, ಈ ಭಾನುವಾರ ಕತ್ತರಿಸುತ್ತಿದ್ದೇನೆ. ಮುಲುಂಡ್, ಭಾಂಡುಪ್, ಥಾಣೆಯವರು ಬಂದು ತಗೊಂಡು ಹೋಗಿ, ದುಡ್ಡು ಬೇಡ. ದಪ್ಪ ಕಾಂಡದ್ದು, ಬೇಗ ಚಿಗುರುತ್ತದೆ. ಗುಳಿಗೆ ಹಾಕುವ ಮನೆಗೆ ಮಾತ್ರ ಕೊಡುವುದಿಲ್ಲ.