ಒಂದು ಯುವಾನಿನ ಪೆಂಗ್ವಿನ್

ಕೇಳುಗರೇ, ನಮಸ್ಕಾರ.

1999ರ ಚೀನಾಕ್ಕೆ ಹೋಗೋಣ. ಅಲ್ಲಿನ ಒಂದು ಸೈಬರ್ ಕೆಫೆ. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಹುಡುಗರು ಸಾಲಾಗಿ ಕೂತಿದ್ದಾರೆ. ಇವತ್ತು ಕೂತ ಕಂಪ್ಯೂಟರೇ ನಾಳೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಆಗ ಐಸಿಕ್ಯು ಅನ್ನೋ ಚಾಟ್ ಪ್ರೋಗ್ರಾಮ್ ತುಂಬಾ ಹೆಸರು ಮಾಡಿತ್ತು. ಅದು ಹುಟ್ಟಿದ್ದು ಇಸ್ರೇಲಿನಲ್ಲಿ. ಅದು ಗೆಳೆಯರ ಪಟ್ಟಿಯನ್ನು ನೀವು ಕೂತ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತಿತ್ತು. ಮಾರನೇ ದಿನ ಪಕ್ಕದ ಕಂಪ್ಯೂಟರಿನಲ್ಲಿ ಕೂತರೆ ಪಟ್ಟಿ ಮಾಯ! ಮನೆಯಲ್ಲೇ ಕಂಪ್ಯೂಟರ್ ಇದ್ದವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಬಾಡಿಗೆ ಕಂಪ್ಯೂಟರಿನ ಹುಡುಗನಿಗೆ ಮಾತ್ರ ದಿನಾ ಹೊಸ ತಲೆನೋವು.

ಆ ತಲೆನೋವಿಗೆ ಮದ್ದು ಹುಡುಕಿದ್ದು ದಕ್ಷಿಣ ಚೀನಾದ ಶೆನ್‌ಜೆನ್ ಊರಿನ ಐದು ಜನ ಗೆಳೆಯರ ಒಂದು ಪುಟ್ಟ ಕಂಪನಿ. ಅದೇ ಟೆನ್ಸೆಂಟ್. ಶುರುವಾಗಿದ್ದು 1998ರ ನವೆಂಬರಿನಲ್ಲಿ. ಮುಂದಾಳು ಮಾ ಹುವಾಟೆಂಗ್. ಮಾ ಅಂದರೆ ಚೀನೀ ಭಾಷೆಯಲ್ಲಿ ಕುದುರೆ. ಅದಕ್ಕೇ ಹೊರಗಿನವರು ಇವರನ್ನು ಪೋನಿ ಮಾ ಅಂತಾರೆ. ಇವರು ಮೊದಲು ಪೇಜರ್, ಅಂದರೆ ಮೊಬೈಲಿಗೆ ಮುಂಚೆ ಜನ ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದ ಪುಟ್ಟ ಸಂದೇಶ ಯಂತ್ರದ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. 1999ರ ಫೆಬ್ರವರಿಯಲ್ಲಿ ಇವರ ತಂಡ ಒಐಸಿಕ್ಯು ಅನ್ನೋ ಚಾಟ್ ಹೊರತಂದಿತು. ನೋಡೋಕೆ ಐಸಿಕ್ಯುನಂತೆಯೇ ಇತ್ತು, ನಕಲು ಅನ್ನೋದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಗೆಳೆಯರ ಪಟ್ಟಿಯನ್ನು ಕಂಪನಿಯ ಸರ್ವರಿನಲ್ಲಿ, ಅಂದರೆ ಅವರದೇ ದೊಡ್ಡ ಕಂಪ್ಯೂಟರಿನಲ್ಲಿ ಇಟ್ಟರು. ಯಾವ ಕೆಫೆಯಲ್ಲಿ ಕೂತರೂ ನಿಮ್ಮ ಗೆಳೆಯರು ಅಲ್ಲೇ ಇರುತ್ತಿದ್ದರು. ಸಂದೇಶ ಬಂದರೆ ಪೇಜರಿನ ಹಾಗೆ 'ಡಿ ಡಿ ಡಿ' ಸದ್ದು. ಈ ಒಂದು ಬದಲಾವಣೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತೆ. ಕೈಯಲ್ಲಿ ಕಾಸಿಲ್ಲದ ಹುಡುಗನ ಪಾಡು ಬಲ್ಲವರಿಗೆ ಮಾತ್ರ ಇಂಥದ್ದು ಹೊಳೆಯುತ್ತೆ.

ಅಷ್ಟರಲ್ಲಿ ಹೆಸರಿನ ತಕರಾರು ಬಂತು. ಐಸಿಕ್ಯುವನ್ನು ಕೊಂಡಿದ್ದ ಅಮೆರಿಕದ ಎಒಎಲ್ ಕಂಪನಿ ದೂರು ಕೊಟ್ಟು ಗೆದ್ದಿತು. ಒಐಸಿಕ್ಯು ಹೋಗಿ ಕ್ಯುಕ್ಯು ಆಯಿತು. ಕೆಂಪು ಮಫ್ಲರ್ ಸುತ್ತಿಕೊಂಡ ಪೆಂಗ್ವಿನ್ ಅದರ ಗುರುತಾಯಿತು.

ಜನ ಬಂದರು, ದುಡ್ಡು ಬರಲಿಲ್ಲ. ಚಾಟ್ ಪುಕ್ಕಟೆ. ಬಳಸುವವರು ಜಾಸ್ತಿ ಆದಷ್ಟೂ ಸರ್ವರಿನ ಖರ್ಚು ಏರಿತು. ಮಾರಿಬಿಡೋಣ ಅಂತ ಓಡಾಡಿದರು, ಕೇಳಿದ ಬೆಲೆಗೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಂಡವಾಳ ಹಾಕುವ ಅಮೆರಿಕದ ಐಡಿಜಿ ಮತ್ತು ಹಾಂಗ್‌ಕಾಂಗಿನ ದೂರಸಂಪರ್ಕ ಕಂಪನಿ ಪಿಸಿಸಿಡಬ್ಲ್ಯು ಸೇರಿ 22 ಲಕ್ಷ ಡಾಲರ್ ಕೊಟ್ಟು 40 ಪರ್ಸೆಂಟ್ ಪಾಲು ತಗೊಂಡವು. 2001ರಲ್ಲಿ ದಕ್ಷಿಣ ಆಫ್ರಿಕಾದ ನಾಸ್ಪರ್ಸ್ ಬಂತು. ಮೂಲತಃ ಪತ್ರಿಕೆ ನಡೆಸುವ ಸಂಸ್ಥೆ ಅದು. ಸುಮಾರು 3.2 ಕೋಟಿ ಡಾಲರಿಗೆ ಹತ್ತಿರ ಹತ್ತಿರ ಅರ್ಧ ಕಂಪನಿಯನ್ನೇ ಕೊಂಡಿತು. 2018ರಲ್ಲಿ ಅದೇ ನಾಸ್ಪರ್ಸ್ ಬರೀ 2 ಪರ್ಸೆಂಟ್ ಪಾಲು ಮಾರಿದಾಗ ಬಂದದ್ದು ಸುಮಾರು 980 ಕೋಟಿ ಡಾಲರ್!

ಈ ಸಂಪತ್ತು ಹೇಗೆ ಹುಟ್ಟಿತು? ಚಿಲ್ಲರೆ ಕಾಸಿನಿಂದ. ಮೊದಲು ಕ್ಯುಕ್ಯುನಿಂದ ಮೊಬೈಲಿಗೆ ಎಸ್ಎಂಎಸ್ ಹೋಗುವ ವ್ಯವಸ್ಥೆ ಮಾಡಿದರು. ಅದಕ್ಕೆ ತಿಂಗಳಿಗಿಷ್ಟು ಅಂತ ಚಿಕ್ಕ ಮೊತ್ತ. ಚೈನಾ ಮೊಬೈಲ್ ಅದನ್ನು ಫೋನ್ ಬಿಲ್ಲಿನಲ್ಲೇ ಸೇರಿಸಿ ವಸೂಲಿ ಮಾಡಿ, ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿತ್ತು. 2001ರಲ್ಲಿ ಕಂಪನಿ ಲಾಭದ ಮುಖ ಕಂಡಿತು. ಆಮೇಲೆ ಕ್ಯು ನಾಣ್ಯ, ಅಂದರೆ ಕ್ಯುಕ್ಯುನ ಡಿಜಿಟಲ್ ದುಡ್ಡು. ಒಂದು ನಾಣ್ಯಕ್ಕೆ ಒಂದು ಯುವಾನ್. ನಮಗೆ ರೂಪಾಯಿ ಇದ್ದ ಹಾಗೆ ಚೀನಾಕ್ಕೆ ಯುವಾನ್. ಪರದೆ ಮೇಲೆ ನಿಮ್ಮದೊಂದು ಗೊಂಬೆ ಇರುತ್ತೆ. ಅದಕ್ಕೆ ಅಂಗಿ, ಟೋಪಿ, ಹೊಸ ಕೂದಲು ಬೇಕಾ? ನಾಣ್ಯ ಕೊಡಿ. ಕೊರಿಯಾದಲ್ಲಿ ಮೊದಲೇ ನಡೆಯುತ್ತಿದ್ದ ವ್ಯಾಪಾರ ಇದು. ಮುಟ್ಟೋಕಾಗದ ಅಂಗಿಗೆ ಯಾರು ದುಡ್ಡು ಕೊಡ್ತಾರೆ ಅನ್ನಿಸುತ್ತೆ, ಅಲ್ವಾ? ಲಕ್ಷಾಂತರ ಹುಡುಗ ಹುಡುಗಿಯರು ಕೊಟ್ಟರು. ಗೆಳೆಯರ ಮುಂದೆ ಚೆನ್ನಾಗಿ ಕಾಣಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತೆ. 2004ರ ಜೂನಿನಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದಾಗ ಒಂದು ಷೇರಿನ ಬೆಲೆ 3.70 ಹಾಂಗ್‌ಕಾಂಗ್ ಡಾಲರ್. ಮುಂದೆ ಗೇಮ್‌ಗಳಿಂದ ಬಂದ ಹಣವಂತೂ ಎಲ್ಲವನ್ನೂ ಮೀರಿಸಿತು.

2011ರ ಜನವರಿ 21ರಂದು ಟೆನ್ಸೆಂಟಿನ ಮೊಬೈಲ್ ಚಾಟ್ ಆಪ್ ವೀಚಾಟ್ ಬಂತು. ಮಾಡಿದ್ದು ಗ್ವಾಂಗ್‌ಝೌ ನಗರದಲ್ಲಿದ್ದ ಜಾಂಗ್ ಶಿಯಾವೋಲಾಂಗ್ ಅವರ ತಂಡ. ತೆರೆದ ಕೂಡಲೇ ಕಾಣುವ ಚಿತ್ರ ನನಗೆ ಬಹಳ ಇಷ್ಟ. ದೊಡ್ಡ ಭೂಮಿಯ ಮುಂದೆ ಒಬ್ಬನೇ ನಿಂತ ಪುಟ್ಟ ಮನುಷ್ಯ. ಕೆಲವೇ ತಿಂಗಳಲ್ಲಿ ಧ್ವನಿ ಸಂದೇಶ ಸೇರಿತು. ಚೀನೀ ಅಕ್ಷರ ಟೈಪ್ ಮಾಡೋಕೆ ಕಷ್ಟಪಡುವ ಅಜ್ಜ ಅಜ್ಜಿಯರೂ ಬಟನ್ ಒತ್ತಿ ಮೊಮ್ಮಕ್ಕಳ ಹತ್ತಿರ ಮಾತಾಡುವಂತಾಯಿತು.

2014ರ ಚೀನೀ ಹೊಸ ವರ್ಷಕ್ಕೆ ಇನ್ನೊಂದು ಹೊಸತು. ಅಲ್ಲಿ ಹಬ್ಬಕ್ಕೆ ಕೆಂಪು ಲಕೋಟೆಯಲ್ಲಿ ದುಡ್ಡಿಟ್ಟು ಮಕ್ಕಳಿಗೆ ಕೊಡುವ ಪದ್ಧತಿ ಇದೆ. ವೀಚಾಟ್ ಅದನ್ನು ಫೋನಿಗೆ ತಂದಿತು. ನೀವು ಗುಂಪಿಗೆ 20 ಯುವಾನ್ ಹಾಕಿ, 5 ಜನಕ್ಕೆ ಅನ್ನಿ. ಯಾರಿಗೆಷ್ಟು ಅನ್ನೋದು ಅದೃಷ್ಟ. ಒಬ್ಬರಿಗೆ 9, ಇನ್ನೊಬ್ಬರಿಗೆ ಅರ್ಧ ಯುವಾನ್. ಮೊದಲು ಕೈ ಹಾಕಿದವರಿಗೆ ಉಂಟು, ತಡಮಾಡಿದವರಿಗೆ ಇಲ್ಲ. ಮನೆಮಂದಿಯೆಲ್ಲ ನಗುತ್ತಾ ಫೋನ್ ಹಿಡಿದರು. ಬಂದ ದುಡ್ಡನ್ನು ತೆಗೆಯಬೇಕಾದರೆ ಬ್ಯಾಂಕ್ ಖಾತೆ ಜೋಡಿಸಬೇಕಿತ್ತು. ಹೀಗೆ ಹಬ್ಬದ ಸಂಭ್ರಮದಲ್ಲೇ ಲಕ್ಷಾಂತರ ಪರ್ಸುಗಳು ವೀಚಾಟಿನೊಳಗೆ ಬಂದವು. ತರಕಾರಿ ಗಾಡಿಯಲ್ಲೂ ಕ್ಯುಆರ್ ಕೋಡ್ ನೇತಾಡಿತು. 2018ರ ಹೊತ್ತಿಗೆ ಬಳಸುವವರು 100 ಕೋಟಿ ದಾಟಿದರು.

ನನ್ನ ಆತಂಕವೂ ಇಲ್ಲೇ ಇದೆ. ಮಾತು, ದುಡ್ಡು, ಡಾಕ್ಟರ ಚೀಟಿ, ರೈಲಿನ ಟಿಕೆಟ್ ಎಲ್ಲ ಒಂದೇ ಜಾಗದಲ್ಲಿ. ಅಲ್ಲಿ ಆಡುವ ಮಾತಿನ ಮೇಲೆ ಸರ್ಕಾರದ ಕಣ್ಣಿದೆ. ಬೇಡದ ಮಾತು ಅಳಿಸಿಹೋಗುತ್ತೆ, ಖಾತೆಯೇ ಮುಚ್ಚಿಹೋಗಲೂಬಹುದು. ಖಾತೆ ಹೋದರೆ ಬದುಕಿನ ಅರ್ಧ ಕೆಲಸ ನಿಂತಂತೆ.

ನಮ್ಮ ಬೆಂಗಳೂರಿಗೂ ಈ ಕಂಪನಿಯ ದುಡ್ಡು ಬಂದಿದೆ. 2017ರಲ್ಲಿ ಫ್ಲಿಪ್‌ಕಾರ್ಟ್‌ಗೆ, ಓಲಾಗೆ. 2018ರ ಕೊನೆಗೆ ಸ್ವಿಗ್ಗಿಗೆ, ಅದೇ ನಾಸ್ಪರ್ಸ್ ಜೊತೆಗೂಡಿ. ಗಡಿಯಲ್ಲಿ ಗಲ್ವಾನ್ ಘರ್ಷಣೆ ಆದ ಮೇಲೆ, 2020ರ ಜೂನ್ 29ರಂದು ಭಾರತ 59 ಆಪ್‌ಗಳನ್ನು ನಿಷೇಧಿಸಿತು. ವೀಚಾಟ್ ಅದರಲ್ಲಿ ಒಂದು. ವಾಟ್ಸಾಪ್ ಚೀನಾದಲ್ಲಿ ಮೊದಲೇ ಮುಚ್ಚಿತ್ತು, ವೀಚಾಟ್ ಇಲ್ಲಿ ಮುಚ್ಚಿತು. ಚೀನಾದಿಂದ ಸರಕು ತರಿಸುವ ನಮ್ಮ ವ್ಯಾಪಾರಿಗಳು ವರ್ಷಗಟ್ಟಲೆ ಕೂಡಿಸಿದ್ದ ಅಲ್ಲಿನವರ ಹೆಸರು, ಮಾತುಕತೆ, ಮಾಲಿನ ಫೋಟೋ ಎಲ್ಲ ಅದರಲ್ಲೇ ಇತ್ತು. ಸರ್ವರಿನಲ್ಲಿ ಭದ್ರವಾಗಿದ್ದ ಆ ಪಟ್ಟಿ ಈಗ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅವರಿಗೆ ಸಿಗುವ ಹಾಗಿರಲಿಲ್ಲ.

ನಮಸ್ಕಾರ.