ಕಡ ತಂದ ಮಾತ್ರೆಗಳು

ಕೇಳುಗರಿಗೆ ನಮಸ್ಕಾರ.

ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಾಸಿಸ್ಟ್. ಕೌಂಟರಿನ ಹಿಂದೆ ನಿಂತು 22 ವರ್ಷ ಆಯಿತು. ಡಾಕ್ಟರ ಹತ್ತಿರ ಕೇಳೋಕೆ ನಾಚಿಕೆಪಟ್ಟ ಪ್ರಶ್ನೆಗಳೆಲ್ಲ ಕೊನೆಗೆ ನಮ್ಮ ಕೌಂಟರಿಗೇ ಬರುತ್ತವೆ. ಅದೂ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು.

ಒಂದು ಸಂಜೆ ಹಾಗೇ ಒಬ್ಬ ತಾಯಿ ಬಂದರು. ಹಿಂದಿನ ದಿನ ಮಗಳ ಜೊತೆ ಬಂದು ಚೀಟಿ ಕೊಟ್ಟು ಮಾತ್ರೆ ತಗೊಂಡು ಹೋಗಿದ್ದರು. ಮಗಳು ಎರಡನೇ ಪಿಯುಸಿ. ಈಗ ಆ ಎರಡೂ ಸ್ಟ್ರಿಪ್ಪುಗಳು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು ವಾಪಸ್ ಬಂದಿದ್ದವು.

"ಮೇಡಂ, ನೀವು ತಪ್ಪು ಮಾತ್ರೆ ಕೊಟ್ಟಿದ್ದೀರಿ ಅನ್ಸುತ್ತೆ. ಮೊಬೈಲಲ್ಲಿ ನೋಡಿದ್ವಿ. ಒಂದು ಶುಗರ್ ಮಾತ್ರೆಯಂತೆ. ಇನ್ನೊಂದು..." ಅವರ ದನಿ ಇಳಿಯಿತು. "ಮಕ್ಕಳಾಗದ ಹಾಗೆ ತಗೊಳ್ಳೋದಂತೆ. ನಮ್ ಹುಡುಗಿಗೆ ಇನ್ನೂ ಮದುವೇನೇ ಆಗಿಲ್ಲ, ಮೇಡಂ."

ಮಾತ್ರೆ ತಪ್ಪಿರಲಿಲ್ಲ. ಹುಡುಗಿಗೆ ಇದ್ದದ್ದು ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ತೊಂದರೆ. ನಮ್ಮ ಕಡೆ ಎಲ್ಲರೂ ಪಿಸಿಓಡಿ ಅಂತಾರಲ್ಲ, ಅದೇ. ಇದಕ್ಕೆ ಕೊಡುವ ಮಾತ್ರೆಗಳಲ್ಲಿ ಬಹುಪಾಲು ಬೇರೆ ಕಾಯಿಲೆಯಿಂದ ಕಡ ತಂದವು. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕಡ ತಂದ ಹಾಗೆ. ಒಂದು ಸಕ್ಕರೆ ಕಾಯಿಲೆಯದು, ಒಂದು ಬಿಪಿಯದು, ಒಂದು ಫ್ಯಾಮಿಲಿ ಪ್ಲಾನಿಂಗಿನದು, ಮತ್ತೊಂದು ಕ್ಯಾನ್ಸರಿನದು. ಮೊಬೈಲಿನಲ್ಲಿ ಹೆಸರು ಹುಡುಕಿದರೆ ಮೊದಲು ಕಾಣುವುದು ಆ ಹಳೆ ಮನೆಯ ವಿಳಾಸವೇ. ಹೆದರಿಕೆ ಶುರುವಾಗುವುದೂ ಅಲ್ಲಿಂದಲೇ.

ಕಾಯಿಲೆ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. 1935ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ಡಾಕ್ಟರುಗಳು 7 ಹೆಂಗಸರ ವಿಷಯ ಬರೆದರು. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಅಂಡಾಶಯ ದಪ್ಪಗಾಗಿತ್ತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಮಕ್ಕಳಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ. ಸ್ಕ್ಯಾನಿಂಗ್ ಚೀಟಿ ಹಿಡಿದು "ನೀರುಗುಳ್ಳೆ ಇದೆಯಂತೆ, ಆಪರೇಷನ್ ಮಾಡಿ ತೆಗೀಬೇಕಾ?" ಎಂದು ಕೇಳುವವರು ತುಂಬಾ ಜನ. ಅವು ತೆಗೆಯುವಂಥ ಗುಳ್ಳೆಗಳಲ್ಲ. ಅಂಡಾಣು ಬೆಳೆಯುವ ಪುಟ್ಟ ಚೀಲಗಳು. ತಿಂಗಳಿಗೊಂದು ಪೂರ್ತಿ ಬೆಳೆದು ಒಡೆದು ಅಂಡಾಣು ಹೊರಬರಬೇಕಿತ್ತು. ಅರ್ಧ ದಾರಿಯಲ್ಲೇ ನಿಂತುಬಿಟ್ಟಿವೆ, ಅಷ್ಟೇ.

ಯಾಕೆ ನಿಂತವು? ಗಂಡು ಹಾರ್ಮೋನು ಅಂತ ಕರೆಯುತ್ತೇವಲ್ಲ, ಅದು ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಇವರಲ್ಲಿ ಅದು ಜಾಸ್ತಿ. ಅದರಿಂದಲೇ ಗಲ್ಲದ ಮೇಲೆ ಕೂದಲು, ಮುಖದ ತುಂಬ ಮೊಡವೆ. ಜೊತೆಗೆ ಬಹಳ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಇನ್ಸುಲಿನ್ ಅಂಡಾಶಯಕ್ಕೆ ಇನ್ನಷ್ಟು ಗಂಡು ಹಾರ್ಮೋನು ಮಾಡು ಎನ್ನುತ್ತದೆ. ಆ ಹುಡುಗಿಯ ಕತ್ತಿನ ಹಿಂದೆ ಕಪ್ಪು ಪಟ್ಟಿ ಇತ್ತು. ಅಮ್ಮ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಚರ್ಮ ಕೆಂಪು ಮಾಡಿದ್ದರು. ಅದು ಕೊಳೆ ಅಲ್ಲಮ್ಮಾ, ಇನ್ಸುಲಿನ್ ಜಾಸ್ತಿ ಆಗಿರುವ ಗುರುತು ಅಂದೆ. ಪಾಪ, ಅವರಿಗೆ ಅಲ್ಲೇ ಕಣ್ಣು ತುಂಬಿತು.

ಈಗ ಆ "ಮಕ್ಕಳಾಗದ ಹಾಗೆ" ತಗೊಳ್ಳುವ ಸ್ಟ್ರಿಪ್. ಅದರಲ್ಲಿ ಎರಡು ಹಾರ್ಮೋನು ಇರುತ್ತವೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್. ಗರ್ಭ ತಡೆಯುವುದು ಅದರ ಒಂದು ಕೆಲಸ ಮಾತ್ರ. ಇಲ್ಲಿ ಬೇಕಾಗಿರುವುದು ಇನ್ನೆರಡು. ಒಂದು, ಅಂಡಾಶಯ ಮಾಡುವ ಗಂಡು ಹಾರ್ಮೋನು ಕಡಿಮೆಯಾಗುತ್ತದೆ. ಇರುವುದನ್ನೂ ರಕ್ತದಲ್ಲಿ ಹಿಡಿದಿಡುವ ಪ್ರೋಟೀನು ಲಿವರಿನಲ್ಲಿ ಜಾಸ್ತಿಯಾಗುತ್ತದೆ. ಇನ್ನೊಂದು, ಗರ್ಭಕೋಶದ ಒಳಪದರ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಆ ಪದರ ಉದುರದೆ ದಪ್ಪವಾಗುತ್ತಾ ಹೋಗುತ್ತದೆ. ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮಾತ್ರೆ ಆ ಪದರವನ್ನು ತೆಳ್ಳಗೆ ಇಡುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡುವ ಮಾಲಾ-ಎನ್ ಗೊತ್ತಲ್ಲ? ಅದೂ ಇದೇ ಜಾತಿಯದು. ಅದರ ಸ್ಟ್ರಿಪ್ ತಿರುಗಿಸಿ ನೋಡಿ. 28 ಮಾತ್ರೆ. 21ರಲ್ಲಿ ಹಾರ್ಮೋನು, ಬೇರೆ ಬಣ್ಣದ 7ರಲ್ಲಿ ಕಬ್ಬಿಣದ ಅಂಶ ಅಷ್ಟೇ. ಆ 7 ದಿನದಲ್ಲಿ ಮುಟ್ಟಾಗುತ್ತದೆ. ಡಾಕ್ಟರು ಬರೆದದ್ದು 21ರ ಸ್ಟ್ರಿಪ್ ಆಗಿದ್ದರೆ 7 ದಿನ ಬಿಡುವು ಕೊಟ್ಟು ಹೊಸದು ಶುರು ಮಾಡುತ್ತಾರೆ.

"ಮುಂದೆ ಮಕ್ಕಳಾಗಲ್ವಾ ಹಾಗಾದ್ರೆ?" ಆ ತಾಯಿಯ ಮುಖ್ಯ ಪ್ರಶ್ನೆ ಅದೇ ಆಗಿತ್ತು. ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಬಿಟ್ಟಮೇಲೆ ಅದರ ಪ್ರಭಾವ ಹೋಗಿಬಿಡುತ್ತದೆ. ಆದರೆ ಬಿಟ್ಟಮೇಲೆ ಮುಟ್ಟು ಮತ್ತೆ ಏರುಪೇರಾಗಬಹುದು. ಜನ ಆಗ ಮಾತ್ರೆಯನ್ನೇ ಬೈಯುತ್ತಾರೆ. ತಪ್ಪು ಮಾತ್ರೆಯದಲ್ಲ, ಮೊದಲಿದ್ದ ತೊಂದರೆ ಮತ್ತೆ ಮುಖ ತೋರಿಸಿದೆ. ಇನ್ನೊಂದು ವಿಷಯ, ಗಲ್ಲದ ಕೂದಲು ಹದಿನೈದು ದಿನದಲ್ಲಿ ಹೋಗಲಿಲ್ಲ ಅಂತ ಸಿಟ್ಟಾಗಬೇಡಿ. ಅದಕ್ಕೆ ಕನಿಷ್ಠ 6 ತಿಂಗಳು ಬೇಕು.

ಇಲ್ಲೊಂದು ಗಟ್ಟಿ ಮಾತು. ಅಕ್ಕನ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ತೋರಿಸಿ "ನಂಗೂ ಇದೇ ಕೊಡಿ" ಅಂತ ಬರಬೇಡಿ. ನಾನು ಕೊಡುವುದಿಲ್ಲ. ಕಾಲಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಬಿಪಿ ಜಾಸ್ತಿ ಇದ್ದರೆ, ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗಿ ಆಮೇಲೆ ಅರೆತಲೆನೋವು ಬರುತ್ತಿದ್ದರೆ, 35 ದಾಟಿ ಸಿಗರೇಟು ಸೇದುವವರಾಗಿದ್ದರೆ ಈ ಮಾತ್ರೆ ಆಗದು. ಅದನ್ನೆಲ್ಲ ಕೇಳಿ ತಿಳಿದು ಬರೆಯುವುದು ಡಾಕ್ಟರ ಕೆಲಸ. ತಗೊಳ್ಳುತ್ತಿರುವಾಗ ಒಂದು ಮೀನಖಂಡ ಊದಿ ನೋವಾದರೆ, ಎದೆನೋವೋ ಉಸಿರಾಟದ ತೊಂದರೆಯೋ ಆದರೆ, ಅವತ್ತೇ ಆಸ್ಪತ್ರೆಗೆ ಓಡಬೇಕು.

ಈ ಮಾತ್ರೆ ಆಗದವರಿಗೆ, ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಮುಟ್ಟು ಬರಿಸಲು ಬರೀ ಪ್ರೊಜೆಸ್ಟಿನ್ ಮಾತ್ರೆ. ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿಲಿಗ್ರಾಂ, ಐದರಿಂದ ಹತ್ತು ದಿನ. ಇಲ್ಲಿ ದೊಡ್ಡ ಗೊಂದಲ ಆಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ನಮ್ಮ ಅಂಗಡಿಗೆ ಮುಟ್ಟು ಮುಂದೂಡುವ ಮಾತ್ರೆಗೆ ಎಷ್ಟು ಜನ ಬರುತ್ತಾರೆ ಅಂತೀರಿ! ಅದೂ ಇದೇ ಬಳಗದ್ದೇ. ಮುಂದೂಡುವ ಮಾತ್ರೆ, ಬರಿಸುವ ಮಾತ್ರೆ ಎರಡೂ ಒಂದೇ ಬಳಗ ಹೇಗೆ? ಗುಟ್ಟು ಇಷ್ಟೇ. ತಗೊಳ್ಳುತ್ತಿರುವಷ್ಟು ದಿನ ಮುಟ್ಟಾಗುವುದಿಲ್ಲ, ನಿಲ್ಲಿಸಿದಮೇಲೆ ಆಗುತ್ತದೆ. ಅದಕ್ಕೇ "ಮಾತ್ರೆ ಮುಗೀತು, ಇನ್ನೂ ಆಗ್ಲಿಲ್ಲ" ಅಂತ ಮಾರನೇ ದಿನವೇ ಬಂದವರಿಗೆ ಒಂದು ವಾರ ಕಾಯಿರಿ ಅನ್ನುತ್ತೇನೆ. ಮದುವೆಯಾದವರು ಶುರು ಮಾಡುವ ಮುಂಚೆ ಗರ್ಭ ಇಲ್ಲ ಅಂತ ಪರೀಕ್ಷೆ ಮಾಡಿಕೊಳ್ಳಬೇಕು. ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೊಂದು ಸ್ಟ್ರಿಪ್, ಶುಗರ್ ಮಾತ್ರೆ ಅಂದರಲ್ಲ, ಅದು ಮೆಟ್‌ಫಾರ್ಮಿನ್. ಯುರೋಪಿನಲ್ಲಿ ನೇರಳೆ ಹೂ ಬಿಡುವ ಒಂದು ಗಿಡ ಇದೆ, ಗಲೇಗಾ ಅಂತ. ಅದರಲ್ಲಿದ್ದ ರಾಸಾಯನಿಕದ ಜಾಡು ಹಿಡಿದು ಈ ಔಷಧಿ ಹುಟ್ಟಿತು. 1957ರಲ್ಲಿ ಫ್ರಾನ್ಸಿನ ಡಾಕ್ಟರ್ ಜಾನ್ ಸ್ಟರ್ನ್ ಇದನ್ನು ಸಕ್ಕರೆ ಕಾಯಿಲೆಗೆ ಕೊಟ್ಟು ನೋಡಿ ವರದಿ ಬರೆದರು. ಪಿಸಿಓಎಸ್ ಇರುವವರಿಗೆ ಕೊಡಲು ಶುರು ಮಾಡಿದ್ದು 1990ರ ದಶಕದಲ್ಲಿ. ಇದು ಇನ್ಸುಲಿನ್ ಕೆಲಸ ಸುಲಭ ಮಾಡುತ್ತದೆ. ಇದೊಂದನ್ನೇ ತಗೊಂಡರೆ ಶುಗರ್ ಸಾಮಾನ್ಯವಾಗಿ ತೀರಾ ಇಳಿಯುವುದಿಲ್ಲ. "ಶುಗರ್ ಇಲ್ಲದವಳಿಗೆ ಶುಗರ್ ಮಾತ್ರೆ ಕೊಟ್ರೆ ತಲೆಸುತ್ತಿ ಬಿದ್ದುಹೋಗ್ತಾಳೆ" ಅನ್ನುವ ಭಯ ಅದಕ್ಕೇ ಬೇಡ.

ಆದರೆ ಹೊಟ್ಟೆಗೆ ಇದರ ತಕರಾರು ಇದೆ. ಓಕರಿಕೆ, ಭೇದಿ, ಬಾಯಲ್ಲಿ ಲೋಹದ ರುಚಿ. ಅದಕ್ಕೇ 500 ಮಿಲಿಗ್ರಾಮಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಊಟದ ಮಧ್ಯೆ ಇಲ್ಲವೇ ಊಟವಾದ ಕೂಡಲೇ ತಗೊಳ್ಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ನಿಧಾನಕ್ಕೆ ಕರಗುವ ಮಾತ್ರೆಯೂ ಇದೆ, ಅದು ಹೊಟ್ಟೆಗೆ ಹಗುರ. ಅದನ್ನು ತಗೊಳ್ಳುವವರು ಕೆಲವೊಮ್ಮೆ ಗಾಬರಿಯಿಂದ ಬರುತ್ತಾರೆ. "ಮೇಡಂ, ಮಾತ್ರೆ ಇಡಿಯಾಗಿ ಹಾಗೇ ಹೊರಗೆ ಬಂತು!" ಅದು ಬರೀ ಸಿಪ್ಪೆ. ಒಳಗಿನ ಔಷಧಿ ಮೈಗೆ ಸೇರಿಯಾಗಿದೆ. ಇನ್ನು ವಾಸನೆ. ಕೆಲವು ಕಂಪನಿಯ ಸ್ಟ್ರಿಪ್ ಬಿಡಿಸಿದರೆ ಒಣಮೀನಿನ ವಾಸನೆ ಗಪ್ಪಂತ ಹೊಡೆಯುತ್ತದೆ. ಮಾತ್ರೆ ಕೆಟ್ಟಿಲ್ಲ, ಅದರ ಗುಣವೇ ಹಾಗೆ. ವರ್ಷಗಟ್ಟಲೆ ತಗೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ಮಾಂಸ, ಮೊಟ್ಟೆ ತಿನ್ನದವರಿಗೆ ಮೊದಲೇ ಅದು ಕಡಿಮೆ ಇರುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮತ್ತೊಂದು ಮಾತು, ಇದರಿಂದ ಅಂಡಾಣು ಬಿಡುಗಡೆ ಮತ್ತೆ ಶುರುವಾಗಬಹುದು. "ನಂಗೆ ಹೇಗೂ ಮಕ್ಕಳಾಗಲ್ಲ" ಅಂದುಕೊಂಡಿದ್ದವರು ಗರ್ಭಿಣಿಯಾಗಿ ಬಂದದ್ದೂ ನೋಡಿದ್ದೇನೆ.

ಬಿಪಿ ಮನೆಯಿಂದ ಬಂದದ್ದು ಸ್ಪೈರೊನೊಲ್ಯಾಕ್ಟೋನ್. ಗಲ್ಲದ ಕೂದಲಿಗೆ, ಮೊಡವೆಗೆ ಕೊಡುತ್ತಾರೆ. ಗರ್ಭ ನಿಲ್ಲುವ ಸಾಧ್ಯತೆ ಇರುವವರು ಗರ್ಭ ತಡೆಯುವ ವ್ಯವಸ್ಥೆ ಇಲ್ಲದೆ ಇದನ್ನು ತಗೊಳ್ಳಬಾರದು. ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು. ಕಿಡ್ನಿ ತೊಂದರೆ ಇದ್ದರೂ ಮೊದಲೇ ಹೇಳಿ. ಇದರ ನಡುವೆ ಇನೋಸಿಟಾಲ್ ಎಂಬ ಸಪ್ಲಿಮೆಂಟಿನ ಪುಡಿ, ಮಾತ್ರೆ ಈಗ ಜೋರಾಗಿ ಓಡುತ್ತಿವೆ. ಅಪಾಯ ಕಡಿಮೆ, ಬೆಲೆ ಜಾಸ್ತಿ, ಪುರಾವೆ ಸಾಲದು. ಮಾರುವವಳಾಗಿ ಹೇಳಬಾರದು, ಆದರೂ ಹೇಳುತ್ತೇನೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಬಿಡಬೇಕಾದ್ದು ಅದನ್ನೇ.

ಕ್ಯಾನ್ಸರ್ ಮನೆಯಿಂದ ಬಂದ ಮಾತ್ರೆಯದು ದೊಡ್ಡ ಕತೆ. ಲೆಟ್ರೊಜೋಲ್. ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ ಬಂದ ಔಷಧಿ. ಐದು ದಿನ ಕೊಟ್ಟರೆ ಅಂಡಾಣು ಬೆಳೆಯುತ್ತದೆ ಅಂತ ಗೊತ್ತಾಗಿ, ಮಕ್ಕಳು ಬೇಕೆನ್ನುವವರಿಗೆ ಕೊಡತೊಡಗಿದರು. 2005ರಲ್ಲಿ ಕೆನಡಾದಿಂದ ಒಂದು ಸಣ್ಣ ವರದಿ ಬಂತು, ಹುಟ್ಟುವ ಮಕ್ಕಳಲ್ಲಿ ಊನ ಕಾಣಿಸಬಹುದು ಅಂತ. ಮರುವರ್ಷ ಅದೇ ದೇಶದಲ್ಲಿ 911 ಶಿಶುಗಳನ್ನು ನೋಡಿ, ಹಾಗೇನೂ ಹೆಚ್ಚಿಲ್ಲ ಅಂತ ತೋರಿಸಿದರು. ಆದರೂ 2011ರಲ್ಲಿ ನಮ್ಮ ಕೇಂದ್ರ ಸರ್ಕಾರ ಈ ಬಳಕೆಯನ್ನು ನಿಷೇಧಿಸಿತು. ಅಂಡಾಣು ಬೆಳೆಸಲು ಮೊದಲಿಂದ ಇದ್ದ ಕ್ಲೋಮಿಫೀನ್ ಮಾತ್ರೆಯೇ ಮುಖ್ಯ ಗತಿ ಆಯಿತು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ಎರಡನ್ನೂ ಹೋಲಿಸಿದರು. ಲೆಟ್ರೊಜೋಲ್ ತಗೊಂಡವರಲ್ಲಿ ಶೇಕಡಾ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್ ತಗೊಂಡವರಲ್ಲಿ ಶೇಕಡಾ 19.1. ನಮ್ಮಲ್ಲಿ ನಿಷೇಧ ಎದ್ದದ್ದು 2017ರಲ್ಲಿ. ಈಗ ಡಾಕ್ಟರುಗಳು ಮೊದಲು ಬರೆಯುವುದು ಇದನ್ನೇ. ಆ ಆರು ವರ್ಷದಲ್ಲಿ ಮಗುವಿಗಾಗಿ ಕಾದವರನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ಇವತ್ತಿಗೂ ಗಂಡಂದಿರು ಸ್ಟ್ರಿಪ್ ಹಿಡಿದು ಬರುತ್ತಾರೆ. "ನಮ್ಮನೆಯವರಿಗೆ ಕ್ಯಾನ್ಸರ್ ಇದೆಯಾ ಮೇಡಂ? ಡಾಕ್ಟರು ನಮ್ಮಿಂದ ಮುಚ್ಚಿಡ್ತಿದ್ದಾರಾ?"

ನಡಿಗೆ, ಊಟದಲ್ಲಿ ಹಿಡಿತ, ನಿದ್ದೆ ಇದ್ದೇ ಇವೆ. ಮಾತ್ರೆ ಬಂತು ಅಂತ ಅವನ್ನು ಬಿಡುವಂತಿಲ್ಲ. ತೆಳ್ಳಗಿರುವವರಿಗೂ ಈ ತೊಂದರೆ ಬರುತ್ತದೆ, ಹಾಗಾಗಿ ಮನೆಯ ಹುಡುಗಿಯ ತಟ್ಟೆ ನೋಡಿ ಮಾತಾಡುವುದನ್ನು ಸ್ವಲ್ಪ ಕಡಿಮೆ ಮಾಡೋಣ.

ಆ ತಾಯಿ ಅವತ್ತು ಮಾತ್ರೆ ವಾಪಸ್ ತಗೊಂಡು ಹೋದರು. ಹೋಗುವಾಗ ಮತ್ತೆ ಪೇಪರಿನಲ್ಲಿ ಸುತ್ತಿಸಿಕೊಂಡರು, ಅತ್ತೆ ನೋಡಬಾರದು ಅಂತ. ಮೂರು ತಿಂಗಳಾದಮೇಲೆ ಹುಡುಗಿ ಒಬ್ಬಳೇ ಬಂದಳು. ಕೆಮ್ಮಿನ ಸಿರಪ್ಪಿಗೆ ನಿಂತಿದ್ದ ನಾಲ್ಕು ಗಂಡಸರ ನಡುವೆಯೇ ಸ್ಟ್ರಿಪ್ ಕೌಂಟರಿನ ಮೇಲೆ ಇಟ್ಟಳು.

"ಆಂಟಿ, ನಿನ್ನೆ ರಾತ್ರಿದು ಮರೆತೋಯ್ತು."

ಒಂದು ಮರೆತರೆ ನೆನಪಾದ ಕೂಡಲೇ ತಗೋ, ಇವತ್ತಿನದು ಇವತ್ತಿನ ಹೊತ್ತಿಗೆ, ಅಂದೆ. ಬಾಟಲಿ ತೆಗೆದು ಅಲ್ಲೇ ನುಂಗಿದಳು. ಆಮೇಲೆ ಬ್ಯಾಗಿನಿಂದ ಮೆಟ್‌ಫಾರ್ಮಿನ್ ತೆಗೆದು ಮೂಗು ಮುರಿದಳು.

"ಇದು ವಾಸನೆ ಬರದೇ ಇರೋ ಕಂಪನಿದು ಇಲ್ವಾ? ದಿನಾ ರಾತ್ರಿ ನಮ್ಮಜ್ಜಿ, ಮನೆಗೆ ಮೀನು ಯಾರೇ ತಂದ್ರು ಅಂತ ಹುಡುಕ್ತಾರೆ."

ಇತ್ತು. ಅದೇ 500 ಮಿಲಿಗ್ರಾಂ, ಮೇಲೆ ಲೇಪನ ಇರುವುದು. ಚೀಟಿ ನೋಡಿ ಕೊಟ್ಟೆ.

ನಮಸ್ಕಾರ.