ಯಾವ ವರ್ಷದ ಗಾಂಧೀಜಿ?

ಕೇಳುಗರೇ, ನಮಸ್ಕಾರ.

ಜಾತಿಯ ಬಗ್ಗೆ ಗಾಂಧೀಜಿ ಏನು ಹೇಳಿದ್ದರು ಅಂತ ಯಾರಾದರೂ ಕೇಳಿದರೆ, ಯಾವ ವರ್ಷದ ಗಾಂಧೀಜಿ ಎಂದು ನಾನು ತಿರುಗಿ ಕೇಳುತ್ತೇನೆ.

1921ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಗೆ ಅವರು ಬರೆದದ್ದನ್ನು ಈಗ ಓದಿದರೆ ಕಸಿವಿಸಿಯಾಗುತ್ತದೆ. ಬೇರೆ ಬೇರೆ ವರ್ಣದವರು ಒಟ್ಟಿಗೆ ಉಣ್ಣಬಾರದು, ಹೆಣ್ಣು ಕೊಟ್ಟು ತರಬಾರದು ಎಂಬ ಕಟ್ಟು ಆತ್ಮದ ಏಳಿಗೆಗೆ ಬೇಕು ಎಂದಿದ್ದರು. ಅಸ್ಪೃಶ್ಯತೆ ಪಾಪ ಎಂದು ಊರೂರು ತಿರುಗಿ ಸಾರಿದವರೂ ಇವರೇ, ಅಲ್ವಾ? ಹರಳಯ್ಯ, ಮಧುವರಸರು ಬೀಗರಾಗಿ ಕಲ್ಯಾಣದಲ್ಲಿ ಪಟ್ಟ ಪಾಡನ್ನು ಕೇಳಿ ಬೆಳೆದ ನಮಗೆ ಆ ಮಾತು ಇನ್ನೂ ಚುಚ್ಚುತ್ತದೆ.

ಆಮೇಲೆ ಪ್ರಶ್ನೆ ಮನೆಯೊಳಗೇ ಬಂತು. ಮಗ ದೇವದಾಸ್, ರಾಜಾಜಿಯವರ ಮಗಳು ಲಕ್ಷ್ಮಿಯನ್ನು ಮೆಚ್ಚಿದರು. ಇವರು ಗುಜರಾತಿನ ಬನಿಯಾ, ಅವರು ತಮಿಳು ಬ್ರಾಹ್ಮಣರು. ಹುಡುಗಿ ಇನ್ನೂ ಚಿಕ್ಕವಳು. ಕೆಲವು ವರ್ಷ ದೂರ ಇರಿ, ಆಗಲೂ ಮನಸ್ಸು ಹೀಗೇ ಇದ್ದರೆ ನೋಡೋಣ ಎಂದರು ಇಬ್ಬರು ತಂದೆಯರೂ. ಮನಸ್ಸು ಹಾಗೇ ಇತ್ತು. 1933ರ ಜೂನ್‌ನಲ್ಲಿ ಪುಣೆಯಲ್ಲಿ ಮದುವೆಯಾಯಿತು. ಅಸ್ಪೃಶ್ಯತೆಯ ವಿಚಾರವಾಗಿಯೇ ಕೈಗೊಂಡ 21 ದಿನದ ಉಪವಾಸ ಮುಗಿದು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ.

ಅದೇ ವರ್ಷ ‘ಹರಿಜನ’ದಲ್ಲಿ ಬರೆದರು: ನನ್ನ ಎರಡು ಬರಹ ಒಂದಕ್ಕೊಂದು ತಾಳೆಯಾಗದಿದ್ದರೆ, ಆಮೇಲೆ ಬರೆದದ್ದನ್ನೇ ಆರಿಸಿಕೊಳ್ಳಿ. ನನಗೆ ಈ ಮಾತು ತುಂಬಾ ಇಷ್ಟ.

ಆದರೂ 1936ರಲ್ಲಿ ಅಂಬೇಡ್ಕರ್ ಅವರೊಡನೆ ವಾದಕ್ಕೆ ನಿಂತರು. ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ ರದ್ದಾದಾಗ ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದ್ದರು. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು ಅದರಲ್ಲಿ ನೇರವಾಗಿ ಹೇಳಿದ್ದರು. ಗಾಂಧೀಜಿ ಇನ್ನೂ ವರ್ಣದ ಪರ ಮಾತಾಡುತ್ತಿದ್ದರು. ಈ ವಾದದಲ್ಲಿ ನಾನು ಅಂಬೇಡ್ಕರ್ ಕಡೆಯೇ. ಗಾಂಧೀಜಿ ಆ ಜಾಗಕ್ಕೆ ಬಂದು ಮುಟ್ಟಲು ಇನ್ನೂ ಹತ್ತು ವರ್ಷ ಹಿಡಿಯಿತು. ಕಾಯುವವರಿಗೆ ಅದು ಜಾಸ್ತಿಯೇ.

ಬಂದು ಮುಟ್ಟಿದ ಮೇಲೆ ಮಾತ್ರ ಅರೆಮನಸ್ಸು ಇರಲಿಲ್ಲ. ಹೆಣ್ಣು ಗಂಡಿನಲ್ಲಿ ಒಬ್ಬರಾದರೂ ದಲಿತರಾಗಿದ್ದರೆ ಮಾತ್ರ ಸೇವಾಗ್ರಾಮದಲ್ಲಿ ಮದುವೆ ಎಂದುಬಿಟ್ಟರು. ಆಂಧ್ರದ ಗೋರಾ ಎಂಬುವರು ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಡಲು ಹೊರಟಾಗ, ಆಶ್ರಮದಲ್ಲೇ ಮಾಡೋಣ ಎಂದರು. ಗೋರಾ ನಾಸ್ತಿಕರು. ಹಾಗಾದರೆ ದೇವರು ಅನ್ನುವ ಕಡೆ ಸತ್ಯ ಅನ್ನೋಣ ಎಂದು ಗಾಂಧೀಜಿಯೇ ದಾರಿ ತೋರಿಸಿದರು.

1948ರ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು. ಗಾಂಧೀಜಿ ಹೋಗಿ ಆರು ವಾರವಾಗಿತ್ತು.